ಸೋಪಯ್ಯ ಅನ್ನಿಸಿಕೊಂಡ ಕಾಂಪೌಂಡರು

ಮೊನ್ನೆ ಮಗಳು ನೆಲ ಒರೆಸುವ ನೀರಿಗೆ ಫಿನಾಯಿಲನ್ನು ಒಂದು ಮುಚ್ಚಳ ಹೆಚ್ಚಿಗೆ ಸುರಿದುಬಿಟ್ಟಳು. ಮನೆಯೆಲ್ಲ ಘಾಟು. ನೆಲ ಒಣಗುವ ತನಕ ಯಾರೂ ಕಾಲಿಡಬಾರದು ಎಂದಳು. ನಾನೂ ಮೊಮ್ಮಗಳೂ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತೆವು. ಮೊಮ್ಮಗಳು ಸುಮ್ಮನೆ ಕೂರುವವಳಲ್ಲ. ಇಸ್ಕೂಲಿನಿಂದ ತಂದ ಕಥೆ ಪುಸ್ತಕ ತೆಗೆದು, ನಿಲ್ಲಿಸಿದ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಫಿನಾಯಿಲಿನ ವಾಸನೆ, ಜೊತೆಗೆ ಒಂದು ಪ್ರಾಣಿಯ ಕಥೆ... ಎರಡೂ ಒಟ್ಟಿಗೆ ಬಂದು ಎಷ್ಟು ಕಾಲವಾಗಿತ್ತು! ನನಗೆ ಆಗ ಹತ್ತು ವರ್ಷ. ಆಗ ಓದಿ ಹೇಳುತ್ತಿದ್ದವರು ದನದ ಆಸ್ಪತ್ರೆಯ ಕಾಂಪೌಂಡರು.

ಅವರ ವಿಷಯಕ್ಕೆ ಬರುವ ಮೊದಲು ಮೊಮ್ಮಗಳ ಬಗ್ಗೆ ಎರಡು ಮಾತು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಅವಳು ನಾಲ್ಕನೇ ಕ್ಲಾಸು. ಪಾಠದ ಪುಸ್ತಕವಲ್ಲ, ನೂರು ಪುಟಕ್ಕೂ ಮೇಲಿರುವ ಕಾದಂಬರಿ ಓದುತ್ತಾಳೆ! ಒಬ್ಬ ಹುಡುಗ, ಅವನ ಕತ್ತೆ, ಇಬ್ಬರೂ ಕೂಡಿ ದೂರದ ಊರಿಗೆ ಹೋಗುವ ಕಥೆ. ಕತ್ತೆ ಕೂಗುವ ಕಡೆ ತಾನೂ ಕೂಗುತ್ತಾಳೆ. ಪಕ್ಕದ ಮನೆಯವರು ಬಂದು ಏನಾಯ್ತು ಎಂದು ಕೇಳಿ ಹೋದದ್ದೂ ಆಯಿತು. ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟ ನನ್ನಂಥವಳ ಮನೆಯಲ್ಲಿ ಇಂಥದೊಂದು ದನಿ ಕೇಳುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಹಿಂದೂಪುರದ ಈ ಓಣಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಹೇಳಿ ಮಗಳ ಹತ್ತಿರ ಬೈಸಿಕೊಂಡಿದ್ದೇನೆ. ಆದರೂ ಮೊನ್ನೆ, ಅಷ್ಟು ಸಂತೋಷದ ನಡುವೆಯೂ ಮೈಯೆಲ್ಲ ಸೋತ ಹಾಗಾಯಿತು. ಕೆಲವು ನೆನಪುಗಳು ಹಾಗೇ. ಎತ್ತಿಕೊಂಡರೆ ತೋಳು ನೋಯುತ್ತದೆ, ಇಳಿಸೋಣವೆಂದರೆ ಜಾಗವಿಲ್ಲ.

ನನ್ನ ತವರು ಕಲ್ಯಾಣದುರ್ಗದಿಂದ ಕಂಬದೂರಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ ನಡೆಯಬೇಕಾದ ಒಂದು ಹಳ್ಳಿ. ನಮಗಿದ್ದದ್ದು ಮಳೆ ನಂಬಿದ ಬೆದ್ದಲು ಹೊಲ, ಒಂದು ಹಿಂಡು ಕುರಿ. ಊರಿಗೆ ಬಸ್ಸಿರಲಿಲ್ಲ. ಆಗಾಗ ಬರುತ್ತಿದ್ದ ಹೊರಗಿನವರೆಂದರೆ ಈ ಕಾಂಪೌಂಡರು ಒಬ್ಬರೇ. ಕುರಿಗಳಿಗೆ ಸೂಜಿ ಹಾಕಲು ಸೈಕಲ್ಲಿನಲ್ಲಿ ಬರುತ್ತಿದ್ದರು. ಹಿಂದೆ ಔಷಧಿಯ ಡಬ್ಬ, ಮುಂದೆ ಹ್ಯಾಂಡಲಿಗೆ ಖಾಕಿ ಚೀಲ. ಕೆಳಗೇರಿಯ ಹುಣಸೆಮರದ ಹತ್ತಿರ ಅವರು ಇಳಿಯುವ ಮೊದಲೇ ಫಿನಾಯಿಲಿನ ವಾಸನೆ ಮೇಲುಗೇರಿಗೆ ಬಂದು ಮುಟ್ಟುತ್ತಿತ್ತು. ನಮಗಿಂತ ಮೊದಲು ಕುರಿಗಳಿಗೆ ಗೊತ್ತಾಗುತ್ತಿತ್ತು. ಹಟ್ಟಿಯೊಳಗೆ ಒಂದರ ಮೇಲೊಂದು ಹತ್ತಿ ಗೋಡೆಗೆ ಅಂಟಿಕೊಳ್ಳುತ್ತಿದ್ದವು. ನಾಯಿಗಳೂ ಬಾಲ ಮಡಚುತ್ತಿದ್ದವು.

ಹಿಂಡುಗಳು ಬಂದು ಸೇರುವ ತನಕ ಅವರು ಹುಣಸೆಮರದ ಕೆಳಗೆ ಕೂತು ಓದುತ್ತಿದ್ದರು. ಅದೂ ಮಕ್ಕಳ ಪುಸ್ತಕ. ಖಾಕಿ ಚೀಲದಲ್ಲಿ ಹತ್ತಿ, ಸ್ಪಿರಿಟ್ಟಿನ ಸೀಸೆ, ಅವುಗಳ ಜೊತೆಗೆ ಎರಡು ಮೂರು ಪುಸ್ತಕ ಇದ್ದೇ ಇರುತ್ತಿದ್ದವು. ಒಂದರಲ್ಲಿ ಮಾವುತನ ಮಗ ಮತ್ತು ಮರಿಯಾನೆ. ಒಂದರಲ್ಲಿ ಕುಂಟು ಕರುವನ್ನು ಮಾರಲು ಬಿಡದೆ ಅಡಗಿಸಿಡುವ ಅಣ್ಣತಂಗಿ. ಒಂದರಲ್ಲಿ ರೈಲು ಸ್ಟೇಷನ್ನಿನ ನಾಯಿ. ಕನ್ನಡದವು ಪಾವಗಡದ ಕಡೆಯಿಂದ ತಂದವು, ತೆಲುಗಿನವು ಕಲ್ಯಾಣದುರ್ಗದವು. ತೆಲುಗು ಪುಸ್ತಕವಾದರೆ ಕಣ್ಣಲ್ಲಿ ತೆಲುಗು ಓದಿ ಬಾಯಲ್ಲಿ ನಮ್ಮ ಕನ್ನಡ ಹೇಳುತ್ತಿದ್ದರು. ಎಲ್ಲೂ ತಡವರಿಸುತ್ತಿರಲಿಲ್ಲ. ತಲೆ ನರೆತ ಗಂಡಸು ಬೊಂಬೆ ಪುಸ್ತಕ ಓದುವುದನ್ನು ನೋಡಿ ಊರ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾನೇ ಒಂದು ದಿನ ಕೇಳಿಬಿಟ್ಟೆ, ನೀವ್ಯಾಕೆ ಇವನ್ನು ಓದುತ್ತೀರಿ ಎಂದು.

"ನಿಜವಾದ್ ಕುರಿಗಳು ನನ್ ವಾಸ್ನೆ ಕಂಡ್ರೆ ಓಡ್ತವೆ ಕಣಮ್ಮ. ಪುಸ್ತಕದಾಗಿರೋವು ಓಡಲ್ಲ. ಹತ್ರಕ್ಕೆ ಬತ್ತವೆ," ಎಂದರು.

ಆ ಮಾತಿಗೆ ನಾನು ನಕ್ಕೆ. ಈಗ ನೆನೆಸಿಕೊಂಡರೆ ನಗು ಬರುವುದಿಲ್ಲ... ದಿನವಿಡೀ ಪ್ರಾಣಿಗಳ ನಡುವೆ ಇದ್ದೂ ಒಂದೂ ತನ್ನ ಕೈ ನೆಕ್ಕಲಿಲ್ಲ ಎನ್ನುವ ಮನುಷ್ಯನ ದಣಿವು ಹತ್ತು ವರ್ಷದವಳಿಗೆ ಹೇಗೆ ತಿಳಿಯಬೇಕು.

ಮರೆತುಹೋಗುತ್ತಿದ್ದ ಅಕ್ಷರ ನನಗೆ ಮತ್ತೆ ಕೈಗೆ ಬಂದದ್ದು ಅವರಿಂದ. ಬಂದಾಗೊಮ್ಮೆ ಒಂದು ಪುಸ್ತಕ ಕೊಟ್ಟು ಹೋಗುತ್ತಿದ್ದರು, ಮುಂದಿನ ಸಲ ಅದನ್ನು ತೆಗೆದುಕೊಂಡು ಇನ್ನೊಂದು ಕೊಡುತ್ತಿದ್ದರು. ನಾನು ಕುರಿ ಹಿಂದೆ ಹೋಗುವಾಗ ಅದನ್ನು ಲಂಗದ ನೆರಿಗೆಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಒಂದು ದಿನ ಹಾಗೆ ಓದುತ್ತಾ ಕೂತಾಗ ಕುರಿಗಳು ಪಕ್ಕದವರ ಕಡಲೆಕಾಯಿ ಹೊಲಕ್ಕೆ ಬಿದ್ದವು. ಹೊಲದವರು ಮನೆ ಬಾಗಿಲಿಗೆ ಬಂದು, ಮಗಳನ್ನು ಕುರಿ ಕಾಯಲು ಕಳಿಸಿದ್ದೀಯೋ ಕಲೆಕ್ಟರ್ ಪರೀಕ್ಷೆಗೆ ಕೂರಿಸಿದ್ದೀಯೋ ಎಂದು ಊರಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಅಂದರು. ಅಪ್ಪ ಕೈ ಮಾಡುವವರಲ್ಲ. ಮಾತು ಮಾತ್ರ ಕಲ್ಲಿನಂಥದು.

"ಇನ್ನೊಂದ್ ಕಿತ ಈ ಪುಸ್ತಕದಿಂದ ಕುರೀಗೆ ಏನಾರ ಆಯ್ತು ಅಂದ್ರೆ, ಒಲೆಗ್ ಹಾಕ್ಬುಡ್ತೀನಿ ನೋಡು. ಆವಯ್ಯನ್ನೂ ಹಟ್ಟಿ ತಾವ ಸೇರ್ಸಲ್ಲ."

ಅಪ್ಪ ಹೇಳಿದ್ದನ್ನು ಮಾಡುವವರು. ಅದು ನನಗೂ ಗೊತ್ತಿತ್ತು, ಗೋಡೆಯ ಗೂಡಿನಲ್ಲಿಟ್ಟ ಪುಸ್ತಕವನ್ನು ಮುಟ್ಟುವಾಗಲೆಲ್ಲ ನೆನಪಾಗುತ್ತಿತ್ತು.

ಆ ಚಳಿಗಾಲದಲ್ಲಿ ನಮ್ಮ ಒಂದು ಕುರಿ ಈದು ಸತ್ತಿತು. ಮರಿ ಉಳಿಯಿತು. ಅದೇ ವಾರ ಕೆಂಚಿ ಎಂದು ನಾವು ಕರೆಯುತ್ತಿದ್ದ ಕೆಂಪು ಕುರಿಯ ಮರಿ ಹುಟ್ಟಿ ಒಂದು ದಿನಕ್ಕೆ ಸತ್ತಿತು. ಒಂದು ಕಡೆ ತಾಯಿಯಿಲ್ಲದ ಮರಿ, ಇನ್ನೊಂದು ಕಡೆ ಹಾಲು ತುಂಬಿ ಒದರುವ ತಾಯಿ. ಎರಡನ್ನೂ ಸೇರಿಸಲು ಕುರಿ ಸಾಕುವವರಲ್ಲಿ ಒಂದು ದಾರಿ ಇದೆ. ಸತ್ತ ಮರಿಯ ತೊಗಲು ಸುಲಿದು, ಕಾಲು ತೂರಲು ನಾಲ್ಕು ತೂತು ಮಾಡಿ, ತಬ್ಬಲಿ ಮರಿಗೆ ಅಂಗಿಯ ಹಾಗೆ ತೊಡಿಸುತ್ತಾರೆ. ಕುರಿ ತನ್ನ ಮರಿಯನ್ನು ಕಣ್ಣಿನಿಂದ ಗುರುತು ಹಿಡಿಯುವುದಿಲ್ಲ, ಮೂಸಿ ಹಿಡಿಯುತ್ತದೆ. ತನ್ನ ಮರಿಯ ವಾಸನೆ ಬಂದರೆ ನಿಂತು ಹಾಲು ಕೊಡುತ್ತದೆ. ಮೂರು ನಾಲ್ಕು ದಿನ ಹಾಲು ಕುಡಿದರೆ ತಬ್ಬಲಿಯ ಮೈಯಲ್ಲಿ ಆ ತಾಯಿಯ ವಾಸನೆಯೇ ಸೇರಿಕೊಳ್ಳುತ್ತದೆ. ಆಮೇಲೆ ತೊಗಲು ತೆಗೆಯಬಹುದು. ಅಲ್ಲಿಯ ತನಕ ಮರಿಯನ್ನು ಯಾರೂ ಮುಟ್ಟುವ ಹಾಗಿಲ್ಲ.

ಅಪ್ಪ ತೊಗಲು ತೊಡಿಸಿದರು. ಕೆಂಚಿ ಎರಡು ಸಲ ಮೂಸಿ ನಿಂತಿತು. ಮರಿ ಬಾಲ ಕುಣಿಸುತ್ತಾ ಹಾಲು ಕುಡಿಯಿತು. ಇದನ್ನು ನೋಡಿಕೊಳ್ಳುವುದು ನಿನ್ನ ಕೆಲಸ, ಬದುಕಿದರೆ ನಿನ್ನದೇ ಮರಿ ಎಂದರು ಅಪ್ಪ. ನನ್ನದೇ ಮರಿ! ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಆಗ ನನ್ನ ಹತ್ತಿರವಿದ್ದದ್ದು ಒಬ್ಬ ಹುಡುಗಿ ಮತ್ತು ಅವಳ ಕುರಿಮರಿಯ ಕಾದಂಬರಿ. ಅದರಲ್ಲಿ ಒಂದು ಚಿತ್ರ. ಹುಡುಗಿ ಮರಿಯನ್ನು ತೊಟ್ಟಿಯಲ್ಲಿ ನಿಲ್ಲಿಸಿ ನೊರೆ ನೊರೆಯಾಗಿ ಸ್ನಾನ ಮಾಡಿಸುತ್ತಾಳೆ, ಕೊರಳಿಗೆ ರಿಬ್ಬನ್ನು ಕಟ್ಟುತ್ತಾಳೆ, ಮರಿ ಅವಳ ಕೆನ್ನೆ ನೆಕ್ಕುತ್ತದೆ. ಆ ಪುಟವನ್ನು ಎಷ್ಟು ಸಲ ನೋಡಿದೆನೋ... ನನ್ನ ಮರಿಯೋ ಸತ್ತ ತೊಗಲು ಹೊತ್ತುಕೊಂಡು ನಿಂತಿತ್ತು. ಎರಡನೇ ದಿನಕ್ಕೆ ತೊಗಲು ನಾರತೊಡಗಿತು, ನೊಣ ಮುತ್ತಿದವು. ಪುಸ್ತಕದ ಹುಡುಗಿ ನನ್ನ ಮರಿಯನ್ನು ನೋಡಿದರೆ ಏನಂದುಕೊಂಡಾಳು ಎಂದು ನನಗೆ ನಾಚಿಕೆಯಾಯಿತು.

ಅಪ್ಪ, ಅವ್ವ ಕಡಲೆಕಾಯಿ ಕೀಳಲು ಹೋಗಿದ್ದರು. ಸಂಜೆ, ಬಿಸಿಲು ಇಳಿಯುತ್ತಿದ್ದ ಹೊತ್ತು. ತೊಗಲು ಬಿಚ್ಚಿ ಬೇಲಿಗೆ ಎಸೆದೆ. ನಾಯಿ ಎಳೆದುಕೊಂಡು ಹೋಯಿತು. ಪೆಟ್ಟಿಗೆಯಲ್ಲಿ ಅವ್ವ ನೆಂಟರಿಗೆಂದು ಎತ್ತಿಟ್ಟಿದ್ದ ವಾಸನೆ ಸೋಪು ತೆಗೆದು, ಕಲ್ಲುತೊಟ್ಟಿಯ ತಣ್ಣೀರಲ್ಲಿ ಮರಿಯನ್ನು ಉಜ್ಜಿ ಉಜ್ಜಿ ತೊಳೆದೆ. ನನ್ನ ಜಡೆಯ ರಿಬ್ಬನ್ನು ಕೊರಳಿಗೆ ಕಟ್ಟಿದೆ. ಮರಿ ನಡುಗುತ್ತಿತ್ತು. ಖುಷಿಗೆ ನಡುಗುತ್ತಿದೆ ಅಂದುಕೊಂಡೆ.

ಕೆಂಚಿಯ ಹತ್ತಿರ ಬಿಟ್ಟೆ. ಕೆಂಚಿ ಮೂಸಿತು. ಒಂದು ಹೆಜ್ಜೆ ಹಿಂದೆ ಸರಿದು ಮರಿಯನ್ನು ಗುಮ್ಮಿ ಕೆಡವಿತು. ಎಬ್ಬಿಸಿ ಬಿಟ್ಟೆ, ಮತ್ತೆ ಗುಮ್ಮಿತು.

ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ನಾನು, ಮೂಸುವ ವಿಷಯ ನೂರು ಸಲ ಕೇಳಿದ್ದ ನಾನು ಅದನ್ನು ಹೇಗೆ ಮರೆತೆ ಎಂದು ಇವತ್ತಿಗೂ ತಿಳಿಯದು. ನನ್ನ ಪಾಲಿಗೆ ಪುಸ್ತಕವೇ ನಿಜ, ಹಟ್ಟಿಯೇ ಸುಳ್ಳು ಆಗಿತ್ತು, ಅಷ್ಟೇ. ರಿಬ್ಬನ್ನು ಬಿಚ್ಚಿ, ಮರಿಯ ಮೈ ಒರೆಸಿಟ್ಟೆ. ಅಪ್ಪ ಬಂದಾಗ ತೊಗಲು ತಾನೇ ಜಾರಿ ಬಿತ್ತು, ನಾಯಿ ಎತ್ತಿಕೊಂಡು ಹೋಯಿತು ಅಂದೆ. ಅಪ್ಪನಿಗೆ ನಶ್ಯದ ಚಟ, ಸೋಪಿನ ವಾಸನೆ ತಿಳಿಯಲಿಲ್ಲ. ಬಟ್ಟೆಯ ಬತ್ತಿಯನ್ನು ಮೇಕೆಯ ಹಾಲಿನಲ್ಲಿ ಅದ್ದಿ ಕುಡಿಸಿ ನೋಡಿದರು. ಬೆಳಗಾಗುವಷ್ಟರಲ್ಲಿ ಮರಿಯ ಪಕ್ಕೆ ಕುಲುಮೆಯ ತಿದಿಯ ಹಾಗೆ ಎಳೆಯುತ್ತಿತ್ತು.

ಅವತ್ತು ಕಾಂಪೌಂಡರು ಕಂಬದೂರಿನಲ್ಲಿದ್ದರಂತೆ. ಹೇಳಿ ಕಳಿಸಿದ್ದಕ್ಕೆ ಮಧ್ಯಾಹ್ನದ ಬಿಸಿಲಲ್ಲಿ ಸೈಕಲ್ಲು ತುಳಿದುಕೊಂಡು ಬಂದರು. ಮರಿಯನ್ನು ಮಡಿಲಿಗೆ ಎತ್ತಿಕೊಂಡು ಬೆನ್ನ ಮೇಲೆ ಕಿವಿಯಿಟ್ಟರು. ಸೋಪಿನ ವಾಸನೆ ಮೂಗಿಗೆ ಬಡಿದಿರಬೇಕು. ಮೆಲ್ಲಗೆ ತಲೆಯೆತ್ತಿ ನನ್ನ ಕಡೆ ನೋಡಿದರು. ಅವರಿಗೆ ಗೊತ್ತಾಗಿಹೋಯಿತು. ಆ ಪುಸ್ತಕ ಕೊಟ್ಟವರೇ ಅವರು, ಆ ಚಿತ್ರ ಅವರು ನೋಡಿರಲಿಲ್ಲವೇ.

ಸೂಜಿ ಹಾಕುತ್ತಿದ್ದಾಗ ಅವ್ವ ಒಳಗಿಂದ ಬಂದಳು. ಕೈಯಲ್ಲಿ ಸವೆದ ಸೋಪು. ಪೆಟ್ಟಿಗೆಯಲ್ಲಿದ್ದದ್ದು ಒದ್ದೆಯಾಗಿದೆ, ಕುರಿಯ ಕೂದಲು ಅಂಟಿದೆ, ಯಾರು ತೆಗೆದದ್ದು ಎಂದಳು. ಅಪ್ಪ ಸೋಪು ನೋಡಿದರು, ಮರಿ ನೋಡಿದರು, ಆಮೇಲೆ ನನ್ನನ್ನು. ಪುಸ್ತಕ ಇಟ್ಟಿದ್ದ ಗೂಡಿನ ಕಡೆ ನಡೆದರು.

"ಆ ಮಗಿನ್ ಮ್ಯಾಲೆ ಯಾಕಪ್ಪ ಸಿಟ್ಟು," ಎಂದರು ಕಾಂಪೌಂಡರು, ಸೂಜಿಯಿಂದ ಕಣ್ಣೆತ್ತದೆ. "ನಾನೇ ಹೇಳಿದ್ದೆ. ಮೊನ್ನೆ ದಾರೀಲಿ ಸಿಕ್ಕಿದ್ಲು. ಮರೀಗೆ ಉಣ್ಣೆ ಹುಳ ಹತ್ಯಾವೆ ಅಂದ್ಲು. ತೊಗಲು ತೆಗೆದು ಸೋಪಾಕಿ ತೊಳಿ ಅಂದೆ. ನಂದೇ ತಪ್ಪು."

ಅಪ್ಪ ಗೂಡಿನ ಹತ್ತಿರವೇ ನಿಂತರು. ನಂಬಲಾಗದವರ ಹಾಗೆ ತಿರುಗಿದರು.

"ತೊಗಲು ಕಟ್ಟಿರೋ ಮರೀನ ತೊಳಿ ಅಂತ ನೀನೇಳಿದ್ಯಾ? ಸೂಜಿ ಹಾಕೋ ದೊರೆ ನೀನು? ಮೂಗು ಸೋರೋ ಐಕ್ಳಿಗೂ ಗೊತ್ತು ಕಣಯ್ಯ ಇದು."

ಅವರು ತಲೆ ತಗ್ಗಿಸಿ ಹತ್ತಿಯನ್ನು ಮಡಚುತ್ತಿದ್ದರು. ನನಗೆ ಬಾಯಿ ಇತ್ತು. ತೆರೆಯಲಿಲ್ಲ.

ಮರಿ ಮಾರನೇ ದಿನ ಬೆಳಗ್ಗೆ ಸತ್ತಿತು.

ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಯಿತು. ಕುರಿಗೆ ಔಷಧ ಕೊಡುವ ಮನುಷ್ಯನಿಗೆ ಕುರಿ ಮೂಸುತ್ತದೆ ಎಂಬುದೇ ಗೊತ್ತಿಲ್ಲವಂತೆ! ಕಂಬದೂರಿನ ಸಂತೆಯಲ್ಲಿ ಅದನ್ನು ಹೇಳಿಕೊಂಡು ನಕ್ಕರಂತೆ. ಯಾರು ಮೊದಲು ಅಂದರೋ, ಸೋಪಯ್ಯ ಎಂಬ ಹೆಸರು ಬಿತ್ತು. ಮುಂದಿನ ಸಲ ಅವರು ಬಂದಾಗ ಹುಣಸೆಮರದ ಹತ್ತಿರ ಒಂದು ಹಿಂಡೂ ಬರಲಿಲ್ಲ. ಮಕ್ಕಳು ಮಾತ್ರ ದೂರ ನಿಂತು ಸೋಪಯ್ಯಾ, ಒಂದು ಬಿಲ್ಲೆ ಕೊಡಯ್ಯಾ ಎಂದು ಕೂಗಿದರು. ಅವರು ಚೀಲದಿಂದ ಪುಸ್ತಕ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನಾನು ಕಳ್ಳಿಬೇಲಿಯ ಹಿಂದೆ ನಿಂತು ನೋಡುತ್ತಿದ್ದೆ. ತುಂಬಾ ಹೊತ್ತು ಒಂದು ಪುಟವೂ ತಿರುವಲಿಲ್ಲ ಅವರು. ಆಮೇಲೆ ಎದ್ದು ಸೈಕಲ್ಲು ತಳ್ಳಿಕೊಂಡು ಹೋದರು, ಹತ್ತಿಕೊಂಡು ಹೋಗಲಿಲ್ಲ.

ಇನ್ನೊಂದು ಸಲ ಬಂದರು, ಆಗಲೂ ಹಾಗೇ. ಆಮೇಲೆ ರೊದ್ದಂ ಕಡೆಗೆ ವರ್ಗವಾಯಿತಂತೆ.

ನಮ್ಮ ಊರಲ್ಲಿ ಆ ವರ್ಷ ಯಾರೂ ಸೂಜಿ ಹಾಕಿಸಲಿಲ್ಲ. ಮಳೆ ಬಿದ್ದು ಎಳೆ ಹುಲ್ಲು ಬಂದಾಗ ಚಿಟುಕು ರೋಗ ಬಂತು. ಚಿಟಿಕೆ ಹೊಡೆಯುವಷ್ಟರಲ್ಲಿ ಕುರಿ ಬಿದ್ದು ಸಾಯುತ್ತದೆ, ಅದಕ್ಕೇ ಆ ಹೆಸರು. ನಮ್ಮ ಹಿಂಡಿನಲ್ಲಿ ಕೆಂಚಿಯೂ ಹೋಯಿತು. ಅಪ್ಪ ಹಣೆಬರಹ ಅಂದರು. ಆ ಪುಸ್ತಕ ಮಾತ್ರ ಮನೆಯಲ್ಲೇ ಉಳಿಯಿತು. ಕಾಂಪೌಂಡರ ಮಾತಿನಿಂದ ಅದರ ಮೇಲಿನ ಅನುಮಾನ ಹೋಗಿತ್ತಲ್ಲ, ಅಪ್ಪ ಒಲೆಗೆ ಹಾಕಲಿಲ್ಲ. ಕಾಂಪೌಂಡರು ನನಗೆ ಉಳಿಸಿಕೊಟ್ಟದ್ದು ಅದನ್ನೇ. ಆದರೆ ಮುಂದಿನ ಪುಸ್ತಕ ತರುವವರು ಯಾರಿದ್ದರು... ಅದೊಂದನ್ನೇ ಓದಿ ಓದಿ, ಆ ಚಿತ್ರದ ಪುಟ ಬಂದರೆ ಎರಡು ಹಾಳೆ ಒಟ್ಟಿಗೆ ತಿರುವಿ, ನನ್ನ ಓದು ಅಲ್ಲಿಗೇ ನಿಂತಿತು.

ಅವರನ್ನು ಮತ್ತೆ ಕಂಡದ್ದು ಒಂದೇ ಸಲ. ನಾನು ಮದುವೆಯಾಗಿ ಹಿಂದೂಪುರಕ್ಕೆ ಬಂದು ಎಷ್ಟೋ ವರ್ಷವಾಗಿತ್ತು. ತೊಂಬತ್ತರ ನಡುವೆ ಇರಬೇಕು, ಮಗಳಿಗೆ ಮೂರು ವರ್ಷ. ನಮ್ಮನ್ನು ನೋಡಲು ಬಂದಿದ್ದ ಅಪ್ಪನನ್ನು ಕಲ್ಯಾಣದುರ್ಗದ ಬಸ್ಸಿಗೆ ಹತ್ತಿಸಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಸಿಮೆಂಟು ಬೆಂಚಿನ ಮೇಲೆ ಒಬ್ಬ ಮುದುಕರು ಕೂತು ಪುಸ್ತಕ ಓದುತ್ತಿದ್ದರು. ಹೊದಿಕೆಯ ಮೇಲೆ ಆಡಿನ ಚಿತ್ರ. ನನ್ನ ಕಾಲು ಅಲ್ಲೇ ನಿಂತವು. ಫಿನಾಯಿಲಿನ ವಾಸನೆ ಇರಲಿಲ್ಲ. ಕೆಲಸದಿಂದ ರಿಟೈರಾಗಿ ಮನೆಯಲ್ಲಿದ್ದರಂತೆ. ಗೋರಂಟ್ಲಕ್ಕೆ, ಮಗಳ ಮನೆಗೆ ಹೊರಟಿದ್ದರು.

ಅಪ್ಪನೂ ಗುರುತು ಹಿಡಿದರು. ದ್ವೇಷವೇನೂ ಇರಲಿಲ್ಲ, ಹಳೇ ಗುರುತಿನ ಸಲಿಗೆ. "ಏನ್ ಸೋಪಯ್ಯ, ಇನ್ನೂ ಐಕ್ಳು ಪುಸ್ತಕಾನೇ?" ಎಂದರು. ಅವರು ನಕ್ಕು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ನನ್ನ ಕಂಕುಳಲ್ಲಿದ್ದ ಮಗುವಿನ ಗಲ್ಲ ಮುಟ್ಟಿದರು.

"ಮರಿ ಸಾಕ್ದೋಳಲ್ವೇನಮ್ಮ ನೀನು?"

"ನೀನು ಸಾಯ್ಸಿದ್ ಮರಿ," ಎಂದರು ಅಪ್ಪ, ನಶ್ಯದ ಡಬ್ಬಿ ತಟ್ಟುತ್ತಾ.

"ಹೂಂ ಕಣಪ್ಪ, ನಂದೇ ತಪ್ಪು," ಎಂದು ಅವರು ನನ್ನ ಕಡೆ ನೋಡಿದರು.

ಅದರಲ್ಲಿ ಕೋಪವಿರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬಾಗಿಲು ತೆರೆದು ಹಿಡಿದುಕೊಂಡು ನಿಂತವರ ಹಾಗೆ, ಬರುತ್ತೀಯಾ ಎಂದು ಕೇಳದೆ, ಒಂದಿಷ್ಟು ಹೊತ್ತು ನೋಡಿದರು ಅಷ್ಟೇ. ಅಪ್ಪನಿಗೂ ವಯಸ್ಸಾಗಿತ್ತು. ನಾನು ಹೇಳಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಬಹುಶಃ ಅಪ್ಪ ನಗುತ್ತಿದ್ದರು. ನಾನು ಮಗಳ ಅಂಗಿ ಸರಿಮಾಡಿದೆ, ಮೂಗು ಒರೆಸಿದೆ, ಮತ್ತೆ ಅಂಗಿ ಸರಿಮಾಡಿದೆ... ಗೋರಂಟ್ಲದ ಬಸ್ಸು ಬಂತು. "ಮಗೀಗೆ ಓದ್ಸಮ್ಮ, ಬತ್ತೀನಿ," ಎಂದು ಅವರು ಎದ್ದರು. ಮೆಟ್ಟಿಲು ಹತ್ತಲು ಕಷ್ಟಪಟ್ಟರು. ಕಂಡಕ್ಟರು ರೆಟ್ಟೆ ಹಿಡಿದು ಎಳೆದುಕೊಂಡ.

ಅಪ್ಪ ತೀರಿಕೊಂಡ ಮೇಲೆ ಧೈರ್ಯ ಬಂತು. ಗೋರಂಟ್ಲಕ್ಕೆ ಹೋಗಿ, ಸಂತೆಯಲ್ಲಿ ಕೇಳಿ ಕೇಳಿ ಅವರ ಮಗಳ ಮನೆ ಹುಡುಕಿದೆ. ಅವರು ತೀರಿಹೋಗಿ ಎರಡು ವರ್ಷವಾಯಿತು ಎಂದರು ಆಕೆ. ನೀವ್ಯಾರು ಎಂದು ಕೇಳಿದರು. ನಮ್ಮ ಊರಿಗೆ ಸೂಜಿ ಹಾಕಲು ಬರುತ್ತಿದ್ದರು ಎಂದೆ. ಆಕೆ ಕೊಟ್ಟ ನೀರು ಕುಡಿದು ಬಂದೆ.

ಮೊನ್ನೆ ಮೊಮ್ಮಗಳ ಕಥೆಯಲ್ಲಿ ಒಂದು ಘಟ್ಟ ಬಂತು. ಹುಡುಗ ಮೈಮರೆತು ಕತ್ತೆಯ ಹಗ್ಗ ಬಿಚ್ಚಿಟ್ಟು, ಕತ್ತೆ ಕಳೆದುಹೋದಾಗ ತಪ್ಪನ್ನು ಬೇರೆಯವರ ಮೇಲೆ ಹೊರಿಸುತ್ತಾನೆ. ಮೊಮ್ಮಗಳು ಪುಸ್ತಕ ಮಡಚಿ ಅವನನ್ನು ಬೈಯತೊಡಗಿದಳು. ಸುಮ್ಮನಿರಬಹುದಾಗಿತ್ತು. ನಲವತ್ತು ವರ್ಷಕ್ಕೂ ಹೆಚ್ಚು ಸುಮ್ಮನಿದ್ದವಳಿಗೆ ಇನ್ನೊಂದು ಮಧ್ಯಾಹ್ನ ಕಷ್ಟವೇ? ಆದರೆ ಹೇಳಿಬಿಟ್ಟೆ. ಮರಿ, ತೊಗಲು, ಸೋಪು, ಬಸ್‌ಸ್ಟ್ಯಾಂಡು, ಎಲ್ಲ. ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ಬಸ್‌ಸ್ಟ್ಯಾಂಡಿನಾಗೆ ಯಾಕೇಳ್ಲಿಲ್ಲ?"

"ಅಪ್ಪ ಪಕ್ಕದಾಗೇ ಇದ್ರು ಕಣವ್ವ."

"ನಿಂಗಾಗ ಎಷ್ಟ್ ವಯಸ್ಸು?"

"ಇಪ್ಪತ್ತಾರೋ ಏಳೋ."

"ಅಷ್ಟ್ ದೊಡ್ಡೋಳಾಗಿ ಹೆದ್ರಿಕೊಂಡ್ಯಾ? ಹಂಗಾದ್ರೆ ನೀನ್ ಸುಳ್ಳಿ ಕಣಜ್ಜಿ."

ಒಳಗಿಂದ ಮಗಳು ಗದರಿದಳು, ಅಜ್ಜಿಗೆ ಹಾಗಂತಾರಾ ಎಂದು. ಗದರಬೇಡವೆಂದು ನಾನು ಕೈ ಆಡಿಸಿದೆ. ಪುಸ್ತಕ ಓದಿ ಓದಿ ನ್ಯಾಯ ಹೇಳುವುದನ್ನು ಕಲಿತ ಮೊಮ್ಮಗಳು ನನ್ನ ಮಂಚದ ಮೇಲೆ ಕೂತಿದ್ದಾಳೆ. ಎದೆ ಉಬ್ಬಿ ಬಂತು, ಕಣ್ಣಲ್ಲಿ ನೀರೂ ಬಂತು, ಎರಡೂ ಒಟ್ಟಿಗೆ. ಸೋಪಯ್ಯ ಎಂಬ ಹೆಸರನ್ನು ಕಾಂಪೌಂಡರು ಸಾಯುವ ತನಕ ಹೊತ್ತರು. ಅವತ್ತೇ ನನಗೆ ಬರಬೇಕಾಗಿದ್ದ ಹೆಸರು ಈಗ ಬಂದು ತಲುಪಿತು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಇಬ್ಬರೂ ಈಗಿಲ್ಲ.